ಗೋವಾದಲ್ಲಿ ಕೂತು ಉಕ್ರೇನ್ ನೋಡಿದರೆ

ಮಾನ್ಯ ಸಂಪಾದಕರೇ,

ಪಶ್ಚಿಮದ ದೇಶಗಳ ಯಜಮಾನಿಕೆ ಮುಗೀತು, ಇನ್ನು ಹಳೆಯ ನಾಗರಿಕತೆಗಳ ಕಾಲ ಎಂಬ ಮಾತು ಈಗ ಎಲ್ಲ ಕಡೆ ಜೋರಾಗಿದೆ. ವಾಸ್ಕೊದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲೂ ಅದೇ. ರಷ್ಯಾ ನಮ್ಮ ಹಳೆ ಗೆಳೆಯ, ಅದು ಮಾಡಿದ್ದೆಲ್ಲ ಸರಿ ಅಂತ ಒಬ್ಬರು ಹಾಕಿದರೆ ಉಳಿದವರು ಕೈಮುಗಿದು ಬಿಡುತ್ತಾರೆ.

ಗೆಳೆತನ ಸುಳ್ಳಲ್ಲ. 1961ರ ಡಿಸೆಂಬರ್ 18ರಂದು ನಮ್ಮ ಸೈನ್ಯ ಗೋವಾದೊಳಗೆ ಬಂದಿದ್ದಾಗ, ಭಾರತ ಸೈನ್ಯವನ್ನು ವಾಪಸ್ ಕರೆಸಿಕೊಳ್ಳಬೇಕು ಅಂತ ಅಮೆರಿಕ, ಬ್ರಿಟನ್, ಫ್ರಾನ್ಸ್ ಎಲ್ಲ ಸೇರಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಿರ್ಣಯ ತಂದವು. ಪರವಾಗಿ 7 ಮತ, ವಿರುದ್ಧ 4. ಸೋವಿಯತ್ ಒಕ್ಕೂಟ, ಅಂದರೆ ಆಗಿನ ರಷ್ಯಾ, ವೀಟೊ (ಒಂದೇ ಮತದಿಂದ ನಿರ್ಣಯ ತಡೆಯುವ ಅಧಿಕಾರ) ಹಾಕದಿದ್ದರೆ ಪಾಸಾಗುತ್ತಿತ್ತು. ಗೋವಾದಲ್ಲಿ 450 ವರ್ಷ ಕೂತ ಪೋರ್ಚುಗೀಸರು ಎದ್ದು ಹೋಗಬೇಕು ಎಂಬ ಮಾತು ಮಾತ್ರ ಆ ನಿರ್ಣಯದಲ್ಲಿರಲಿಲ್ಲ. ಪಶ್ಚಿಮದ ಉಪದೇಶ ಕೇಳಿದರೆ ದೆಹಲಿ ಇಂದಿಗೂ ಮುಖ ತಿರುಗಿಸುವುದು ಸುಮ್ನೆ ಅಲ್ಲ. ಬ್ರಿಟನ್ ಜೊತೆಗಿನ ಅಫೀಮು ಯುದ್ಧದಲ್ಲಿ ಸೋತು 1842ರಲ್ಲಿ ಹಾಂಗ್‌ಕಾಂಗ್ ಕಳೆದುಕೊಂಡ ಚೀನಾಕ್ಕೂ ಅಂಥದೇ ಗಾಯ ಇದೆ.

ಆದರೆ ಪೋರ್ಚುಗಲ್‌ನ ವಾದ ಏನಿತ್ತು ಅನ್ನೋದನ್ನು ನಾವು ಮರೆತಿದ್ದೇವೆ. ಅಲ್ಲಿನ ಸರ್ವಾಧಿಕಾರಿ ಸಲಾಜಾರ್‌ನ ಸರ್ಕಾರ 1951ರಲ್ಲಿ ಸಂವಿಧಾನವನ್ನೇ ತಿದ್ದಿ, ಗೋವಾ ವಸಾಹತು ಅಲ್ಲ, ಸಾಗರದಾಚೆಯ ನಮ್ಮದೇ ಪ್ರಾಂತ್ಯ ಅಂದಿತು. ಇಲ್ಲಿಯವರೂ ಪೋರ್ಚುಗೀಸ್ ನಾಗರಿಕತೆಗೇ ಸೇರಿದವರಂತೆ. ಇಲ್ಲಿನ ಜನರನ್ನು ಮಾತ್ರ ಯಾರೂ ಕೇಳಲಿಲ್ಲ. ರಷ್ಯನ್ನರು, ಉಕ್ರೇನಿನವರು ಒಂದೇ ಜನ ಅಂತ ಪುಟಿನ್ 2021ರಲ್ಲಿ ಬರೆದದ್ದೂ ಅದೇ ಧಾಟಿ ಅಲ್ವಾ? ಮರುವರ್ಷ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾದ ದಾಳಿಯೇ ಆಯಿತು. ಫೆಬ್ರವರಿ 25ರಂದು ಅದೇ ಮಂಡಳಿಯಲ್ಲಿ ಮತ್ತೆ ರಷ್ಯಾದ ವೀಟೊ, ಈ ಸಲ ತನ್ನದೇ ದಾಳಿಯ ರಕ್ಷಣೆಗೆ. ಭಾರತ ಮತ ಹಾಕದೆ ಉಳಿಯಿತು.

ಅಮೆರಿಕ 2003ರಲ್ಲಿ ಇರಾಕ್‌ಗೆ ನುಗ್ಗಿದ್ದೂ ತಪ್ಪೇ, ಅದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಸರ್ಕಾರಕ್ಕೆ ರಷ್ಯಾದ ತೈಲ, ಶಸ್ತ್ರಾಸ್ತ್ರದ ಲೆಕ್ಕ ಇರುತ್ತದೆ, ಅದನ್ನೂ ಒಪ್ಪುತ್ತೇನೆ. ಆ ಲೆಕ್ಕವನ್ನೇ ನಾಗರಿಕತೆಯ ಹೆಮ್ಮೆ ಅಂತ ಹಾಡಿ ಹೊಗಳುವುದನ್ನು, ಅದೂ ಗೋವಾದಲ್ಲಿ ಬದುಕು ಕಟ್ಟಿಕೊಂಡ ನಾವು ಮಾಡುವುದನ್ನು, ನನ್ನಿಂದ ಒಪ್ಪಲಾಗದು.

ಡಿಸೆಂಬರ್ 19ಕ್ಕೆ ಗೋವಾ ವಿಮೋಚನೆಯ ಬಗ್ಗೆ ಬರೆಸುವಾಗ ಸೇನಾ ಕಾರ್ಯಾಚರಣೆಯ ಕಥೆ ಅಷ್ಟೇ ಸಾಲದು. ಭದ್ರತಾ ಮಂಡಳಿಯ ಆ ದಿನದ ಚರ್ಚೆಯನ್ನೂ ಪೋರ್ಚುಗಲ್ ಮಂಡಿಸಿದ ವಾದವನ್ನೂ ದಯವಿಟ್ಟು ಕನ್ನಡದಲ್ಲಿ ಹಾಕಿ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಓದಲು ಕೊಡುತ್ತೇನೆ.

– ಒಬ್ಬ ಓದುಗ, ವಾಸ್ಕೊ, ಗೋವಾ