ಎಳೆ ಚಂದ್ರ ಎಲ್ಲಿ, ಎಷ್ಟು ಹೊತ್ತಿಗೆ?

ಕರಾವಳಿಯಲ್ಲಿ ಹಬ್ಬ, ಬೆಂಗಳೂರಿನಲ್ಲಿ ಇನ್ನೂ ಉಪವಾಸ: ಕೆಲವು ವರ್ಷ ರಂಜಾನ್ ಕೊನೆಯಲ್ಲಿ ಹೀಗಾಗುತ್ತದೆ, ಜನರಿಗೆ ಸುಮ್ನೆ ಗೊಂದಲ. ಸಂಜೆ ಎಳೆ ಚಂದ್ರ ಕಂಡರೆ ಮರುದಿನ ಹಬ್ಬ, ಹಾಗಾಗಿ ಅದು ಎಲ್ಲಿ ಕಾಣುತ್ತದೆ ಎಂಬುದೇ ಪ್ರಶ್ನೆ. ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ನಮಗಿಂತ ಸುಮಾರು 11 ನಿಮಿಷ ತಡವಾಗಿ. ಅಷ್ಟರಲ್ಲಿ ಚಂದ್ರ ಸೂರ್ಯನಿಂದ ದೂರ ಸರಿಯುವುದು ಡಿಗ್ರಿಯ ಹತ್ತರಲ್ಲೊಂದು ಭಾಗ ಮಾತ್ರ. ಅದಕ್ಕಿಂತ ಜಾಸ್ತಿ ತೊಡಕು ದಿಗಂತದ್ದು. ಎಳೆ ಚಂದ್ರ ಪಶ್ಚಿಮದಲ್ಲಿ ತೀರಾ ಕೆಳಗೆ, ಮುಸ್ಸಂಜೆ ಬೆಳಕಿನಲ್ಲೇ ಇರುತ್ತದೆ. ಅಷ್ಟು ಕೆಳಗೆ ನೋಡುವಾಗ ನಮ್ಮ ಕಣ್ಣಿಗೂ ಚಂದ್ರನಿಗೂ ನಡುವೆ ಗಾಳಿಯ ಪದರ ಬಹಳ ದಪ್ಪ. ಇಲ್ಲಿ ಅದರ ತುಂಬ ದೂಳು, ಹೊಗೆ, ಎದುರಿಗೆ ಅಪಾರ್ಟ್‌ಮೆಂಟ್‌ಗಳು. ಕಡಲತೀರದಲ್ಲೂ ತೇವದ ಮಸುಕಿದೆ, ಆದರೆ ಅಡ್ಡ ಕಟ್ಟಡವಿಲ್ಲ ಅಲ್ವಾ? ಮೋಡ ಬಂದರಂತೂ ಎಲ್ಲರದೂ ಒಂದೇ ಪಾಡು.

ನಗರದ ಜವಾಹರಲಾಲ್ ನೆಹರು ತಾರಾಲಯ ಆ ಸಂಜೆಯ ಚಂದ್ರನ ಎತ್ತರ, ದಿಕ್ಕು, ಮುಳುಗುವ ಸಮಯವನ್ನು ಹಿಂದಿನ ದಿನವೇ ತಿಳಿಸಲಿ. ಪತ್ರಿಕೆಗಳು ಅದನ್ನು ಪ್ರಕಟಿಸಲಿ.

– ಓದುಗ, ಬೆಂಗಳೂರು