ಅಣ್ಣನಿಗೆ, ಮತ್ತೆ ಉಳಿದವರಿಗೂ

ಅರೀನಾದಲ್ಲಿ ನುಡಿಸಿ ಇಳಿದು ಮೂರು ದಿನ ಆಯ್ತು. ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ನಿಮ್ಮ ಮೆಸೇಜುಗಳಿಗೆಲ್ಲ ಉತ್ತರ ಕೊಡಲು ಆಗಿಲ್ಲ, ಅದಕ್ಕೇ ಈ ಬರಹ. ನನ್ನ ಎಡಗೈ ಕೆಟ್ಟು ಗಿಟಾರನ್ನೇ ಬಿಡುವ ಹಾಗಾಗಿದ್ದು ನಿಮಗೆಲ್ಲ ಗೊತ್ತೇ ಇದೆ. ಮತ್ತೆ ಅದನ್ನೆಲ್ಲ ಹೇಳಲ್ಲ.

ನನ್ನ ಜಾಗಕ್ಕೆ ಬೇರೆ ಗಿಟಾರಿಸ್ಟನ್ನು ತರದೆ ಕಾದ ಬ್ಯಾಂಡಿನವರು, ಬೈದು ಬೈದು ಬೆರಳು ಆಡಿಸಿದ ಫಿಸಿಯೋ, ಸೌಂಡ್‌ಚೆಕ್ ಇಲ್ಲದ ಫೆಸ್ಟಿವಲಿನಲ್ಲಿ ಬರೀ ಲೈನ್‌ಚೆಕ್‌ನಲ್ಲೇ (ಸದ್ದು ಬರುತ್ತಾ ಅಂತ ಮಾತ್ರ ನೋಡುವ ಹೊತ್ತಲ್ಲೇ) ನನ್ನ ಇನ್-ಇಯರ್ ಮಿಕ್ಸ್, ಅಂದ್ರೆ ನನ್ನ ಕಿವಿಗೆ ಬರೋ ಸದ್ದು, ಸರಿ ಮಾಡಿಕೊಟ್ಟ ಮಾನಿಟರ್ ಎಂಜಿನಿಯರ್, ನನ್ನ ಸಿಡುಕು ಸಹಿಸಿಕೊಂಡ ಮನೆಯವರು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ.

ಯಾಕಂದ್ರೆ ಉಳಿದದ್ದೆಲ್ಲ ಅಣ್ಣನಿಗೆ. ನಮ್ಮ ಗಿಟಾರ್ ಟೆಕ್, ಗಿಟಾರುಗಳನ್ನು ಸರಿಮಾಡಿ ಸಿದ್ಧ ಇಡೋರು. ಹೆಸರು ಹಾಕಬೇಡ ಅಂದಿದ್ದಾರೆ.

ಆ ರಾತ್ರಿ ಪ್ರಾಕ್ಟೀಸ್ ರೂಮಿನಲ್ಲಿ ಗಿಟಾರಿನ ಫೋಟೋ ತೆಗೆಯುತ್ತಿದ್ದೆ, ಮಾರೋಕೆ. ಅವರು ಕೇಬಲ್ ತಗೊಂಡು ಹೋಗೋಕೆ ಬಂದವರು. ನಾನು ಅತ್ತುಬಿಟ್ಟೆ. ಮೂಗು ಸುರಿಸಿಕೊಂಡು, ನಾಚಿಕೆ ಬಿಟ್ಟು ಅತ್ತೆ. ಅವರು ಎಲ್ಲ ಸರಿಹೋಗುತ್ತೆ ಅಂತ ಹೇಳಲಿಲ್ಲ. ಕಟರ್ ತೆಗೆದು ನನ್ನ ಗಿಟಾರಿನ 11ರ ದಪ್ಪ ತಂತಿಗಳನ್ನು ಒಂದೊಂದಾಗಿ ಕತ್ತರಿಸಿದರು.

ಆಮೇಲೆ 9ರ ತೆಳು ಸೆಟ್ ಹಾಕಿದರು. ತಂತಿ ಇನ್ನೂ ಸಡಿಲ ಆಗಲಿ ಅಂತ ಟ್ಯೂನಿಂಗ್ ಮೂರು ಸೆಮಿಟೋನ್ (ಅರೆಸ್ವರ) ಇಳಿಸಿದರು. ಗಿಟಾರಿನ ಕತ್ತಿನೊಳಗಿನ ಸರಳು, ಟ್ರಸ್ ರಾಡ್, ಕಾಲು ಸುತ್ತು ಸಡಿಲ ಮಾಡಿದರು, ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಕೇಳಿದರು, ತಂತಿ ಕೂರುವ ಸ್ಯಾಡಲ್ ಕೂದಲೆಳೆಯಷ್ಟು ಸರಿಸಿದರು, ಮತ್ತೆ ಕೇಳಿದರು. ಬೆಳಗಿನ ಜಾವ ನಾಲ್ಕು ಗಂಟೆವರೆಗೆ ಇದೇ. ಕೊನೆಗೆ ನನ್ನ ಕೈಗೆ ಕೊಟ್ಟರು. ಬೆರಳಿಟ್ಟರೆ ತಂತಿ ಬೆಣ್ಣೆ ಥರ ಬಗ್ಗಿತು. ಆದರೆ ರಿಫ್ ಪೂರ್ತಿ ಅಪಸ್ವರ. "ಸಡಿಲ ತಂತಿಯನ್ನು ಬಡಿದರೆ ಸ್ವರ ಏರುತ್ತೆ ಕಣೋ. ಮೆಲ್ಲಗೆ ಹೊಡಿ. ಜೋರು ಮಾಡೋಕೆ ಆಂಪ್ ಇದೆಯಲ್ಲ."

ಹದಿನಾರು ವರ್ಷ ಮೆಟಲ್ ನುಡಿಸಿ, ಬಲಗೈ ಹಗುರ ಮಾಡೋದನ್ನು ನಾನು ಆಮೇಲೆ ಕಲಿತೆ.

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಐಯೋಮಿ ಕಥೆಯನ್ನು ನನಗೆ ಕಳಿಸದವರೇ ಇಲ್ಲ. 1965ರಲ್ಲಿ ಕಾರ್ಖಾನೆ ಕೆಲಸದ ಕೊನೆಯ ದಿನ ಬೆರಳ ತುದಿ ಹೋಗಿದ್ದು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡಿದ್ದು, ತೆಳು ತಂತಿ, ಆಮೇಲೆ ಇಳಿಸಿದ ಟ್ಯೂನಿಂಗ್. ನಿಜ ಹೇಳಬೇಕಂದ್ರೆ ಆಗ ಓದಿ ಸಿಟ್ಟು ಬರುತ್ತಿತ್ತು. ಅವರು ಐಯೋಮಿ, ನಾನು ನಾನು. ಆದರೆ ಆ ಕಥೆಯಲ್ಲಿ ಒಬ್ಬ ಫೋರ್‌ಮನ್ ಇದ್ದಾರೆ, ಅವರನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕೈ ಕೆಟ್ಟು ಕೂತಿದ್ದ ಹುಡುಗನಿಗೆ ಜಾಝ್ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್ ರೆಕಾರ್ಡ್ ತಂದು ಕೇಳಿಸಿದವರು ಅವರು. ಎಡಗೈಯ ಎರಡು ಬೆರಳು ಸುಟ್ಟು ಸೆಟೆದುಹೋದ ಮೇಲೂ ಉಳಿದ ಎರಡರಲ್ಲೇ ಸೋಲೋ ನುಡಿಸಿದವರ ರೆಕಾರ್ಡ್. ಅಣ್ಣ ನನಗೆ ಆ ಫೋರ್‌ಮನ್ ಥರ.

ಮೊನ್ನೆ ಮೂರನೇ ಹಾಡಿನಲ್ಲಿ ಉಂಗುರದ ಬೆರಳು ಮರಗಟ್ಟಿತು. ಎದುರಿಗೆ ಕಣ್ಣು ಹಾಯುವಷ್ಟು ದೂರ ಜನ, ಕಿವಿಯಲ್ಲಿ ತಾಳದ ಕ್ಲಿಕ್ ಟಿಕ್ ಟಿಕ್ ಅಂತಿದೆ, ಅದು ಯಾರಿಗೂ ನಿಲ್ಲಲ್ಲ. ಇನ್ನೇನು ಹೋಯ್ತು ಅಂದುಕೊಂಡೆ. ವೇದಿಕೆಯ ಪಕ್ಕಕ್ಕೆ ನೋಡಿದೆ. ಅಣ್ಣ ಸ್ಪೇರ್ ಗಿಟಾರ್ ಹಿಡಿದು ನಿಂತಿದ್ದರು, ಸ್ಟ್ರ್ಯಾಪ್ ಬಿಚ್ಚಿ, ನನ್ನ ಕೊರಳಿಗೆ ಹಾಕೋಕೆ ರೆಡಿಯಾಗಿ. ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಾಲ್ಕು ಬಾರ್ ಹೇಗೋ ಎಳೆದೆ. ಬೆರಳು ವಾಪಸ್ ಬಂತು.

ಇಳಿದ ಮೇಲೆ ಎಲ್ಲರೂ ತಬ್ಬಿಕೊಂಡರು. ಅಣ್ಣ ಬಟ್ಟೆಯಲ್ಲಿ ತಂತಿ ಒರೆಸುತ್ತಾ ಕೂತಿದ್ದರು. ಏನು ಹೇಳಬೇಕೋ ಗೊತ್ತಾಗದೆ ಪಕ್ಕದಲ್ಲಿ ಕೂತೆ.

"ಮೂರನೇ ಹಾಡಲ್ಲಿ ಮತ್ತೆ ಬಡಿದೆ ನೀನು" ಅಂದರು.