ಅಸಲಿ ಎಂದು ಮಾರಿದ ನಕಲಿ ಗೂಬೆ ನಾಣ್ಯ: ಹಣ ಮರಳಿಸುವಂತೆ ಕೋರಿ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

‘ಅಥೆನ್ಸ್, ಕ್ರಿ.ಪೂ. 454–404, ಬೆಳ್ಳಿ ಟೆಟ್ರಾಡ್ರಾಕ್ಮ್, ಅಸಲಿ’ ಎಂಬ ನಿಮ್ಮ ವಿವರಣೆಯನ್ನು ನಂಬಿ ಆನ್‌ಲೈನ್ ಹರಾಜಿನಲ್ಲಿ ನಾನು ಕೊಂಡ ಗೂಬೆ ನಾಣ್ಯ (ಒಂದು ಬದಿಗೆ ಅಥೀನಾ ದೇವಿ, ಇನ್ನೊಂದು ಬದಿಗೆ ಗೂಬೆ ಇರುವ, ನಾಲ್ಕು ಡ್ರಾಕ್ಮ ಬೆಲೆಯ ಪ್ರಾಚೀನ ಗ್ರೀಕ್ ನಾಣ್ಯ) ಎರಕ ಹೊಯ್ದ ನಕಲು. ಈ ಬಗ್ಗೆ ತಿಳಿಸಿದಾಗ ‘ಹಳೆಯ ನಾಣ್ಯಗಳ ತೂಕದಲ್ಲಿ ಹೆಚ್ಚುಕಡಿಮೆ ಸಹಜ, ಹಿಂತಿರುಗಿಸುವ ಅವಧಿಯೂ ಮುಗಿದಿದೆ’ ಎಂದು ನಿಮ್ಮ ಸಿಬ್ಬಂದಿ ಕೈತೊಳೆದುಕೊಂಡಿದ್ದಾರೆ.

ಆ ಕಾಲದ ಟೆಟ್ರಾಡ್ರಾಕ್ಮ್ ಸುಮಾರು 17.2 ಗ್ರಾಂ ತೂಗುತ್ತದೆ. ಅಥೆನ್ಸ್ ಬಳಿಯ ಲಾರಿಯಂ ಗಣಿಗಳ ಬೆಳ್ಳಿಯ ಈ ನಾಣ್ಯ ದೂರದೂರದ ಬಂದರುಗಳಲ್ಲಿ ಚಲಾವಣೆಯಾದದ್ದೇ ತೂಕ ಮತ್ತು ಶುದ್ಧತೆಯ ಮೇಲಿನ ನಂಬಿಕೆಯಿಂದ. ಸವೆದ ನಾಣ್ಯ ತುಸು ಕಡಿಮೆ ತೂಗಿದರೆ ಒಪ್ಪೋಣ. ನೀವು ಕಳುಹಿಸಿದ್ದರಲ್ಲಿ ಅಥೀನಾಳ ಶಿರಸ್ತ್ರಾಣದ ಆಲಿವ್ ಎಲೆಗಳೂ ಸವೆದಿಲ್ಲ. ಆದರೂ ತೂಕ 14.9 ಗ್ರಾಂ.

ಭೂತಗನ್ನಡಿ ಹಿಡಿದರೆ ಗೂಬೆಯ ಎದೆಯ ಗರಿಗಳ ನಡುವೆ, ಚಂದ್ರಕಲೆಯ ಸುತ್ತ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಕರಗಿದ ಲೋಹದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡ ಗುರುತುಗಳಿವು. ಅಂಚಿನ ಸುತ್ತಲೂ, ಎರಕದ ಅಚ್ಚಿನ ಎರಡು ಅರ್ಧಗಳು ಸೇರುವಲ್ಲಿ ಮೂಡುವ ಕೂಡುಗೆರೆಯಿದೆ. ಅದನ್ನು ಅರದಿಂದ ಉಜ್ಜಿ ಮರೆಮಾಚಲು ಯತ್ನಿಸಲಾಗಿದೆ. ಸುತ್ತಿಗೆಯ ಏಟಿಗೆ ಟಂಕಿಸಿದ ಅಸಲಿ ನಾಣ್ಯದ ಅಂಚು ಬಿರಿದಿರಬಹುದು, ಆದರೆ ಅದರಲ್ಲಿ ಎರಕದ ಕೂಡುಗೆರೆ ಬರುವುದು ಹೇಗೆ?

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಈಗ ನೀವು ಹರಾಜಿಗಿಟ್ಟಿರುವ ಮತ್ತೊಂದು ಗೂಬೆ ನಾಣ್ಯಕ್ಕೂ ಅಂಚಿನ ಅದೇ ಓರೆ ಆಕಾರ, ಅಥೀನಾಳ ಕೆನ್ನೆಯ ಮೇಲೆ ಅದೇ ಜಾಗದಲ್ಲಿ ಅದೇ ಗೀರು. ಒಂದೇ ಅಚ್ಚಿನಿಂದ ಹೊಡೆದಿದ್ದರೂ ಕೈಯಲ್ಲಿ ಟಂಕಿಸಿದ ಎರಡು ನಾಣ್ಯಗಳು ಅಂಚಿನವರೆಗೆ ಹೀಗೆ ಹೊಂದುವುದಿಲ್ಲ. ಆಮೇಲೆ ಬಿದ್ದ ಗೀರಂತೂ ಎರಡರಲ್ಲೂ ಇರಲಾರದು. ಇನ್ನೊಬ್ಬ ಸಂಗ್ರಾಹಕ, ಬಹುಶಃ ಮೊದಲ ಗ್ರೀಕ್ ನಾಣ್ಯಕ್ಕೆಂದು ದುಡ್ಡು ಕೂಡಿಟ್ಟವರು, ಮೋಸಹೋಗುವುದನ್ನು ನೋಡುತ್ತ ನಾನು ಸುಮ್ಮನಿರಲಾರೆ.

ಕ್ರಿ.ಪೂ. 375–374ರ ಕಾನೂನಿನಂತೆ ಅಥೆನ್ಸಿನ ಪೇಟೆಯಲ್ಲಿ ಬೆಳ್ಳಿ ಪರೀಕ್ಷಕನಿದ್ದ; ನಕಲಿ ಕಂಡರೆ ಅಲ್ಲೇ ಕತ್ತರಿಸಬೇಕಿತ್ತು. ‘ಅಸಲಿ’ ಎಂದು ಬರೆಯುವ ಮೊದಲು ತಕ್ಕಡಿಗೆ ಹಾಕಿ, ಅಂಚನ್ನೊಮ್ಮೆ ನೋಡುವಷ್ಟು ಜವಾಬ್ದಾರಿ ನಿಮಗೂ ಇರಬೇಕು. ನಕಲಿಯನ್ನು ಅಸಲಿಯೆಂದು ಮಾರಿದ ಮೇಲೆ ಅವಧಿಯ ನೆಪ ಸಲ್ಲದು.

ಅಂಚೆ ವೆಚ್ಚ ಸಹಿತ ನನ್ನ ಪೂರ್ತಿ ಹಣವನ್ನು ಮರಳಿಸಿ, ಆ ಇನ್ನೊಂದು ನಾಣ್ಯವನ್ನು ಕೂಡಲೇ ಹರಾಜಿನಿಂದ ಹಿಂತೆಗೆದುಕೊಳ್ಳಿ. ಒಂದು ತಿಂಗಳೊಳಗೆ ದೂರು ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇತಿ,
ನೊಂದ ಗ್ರಾಹಕ

ಲಗತ್ತು: ರಸೀದಿಯ ಪ್ರತಿ, ಅಂಚಿನ ಹಾಗೂ ತೂಕದ ಚಿತ್ರಗಳು, ಎರಡೂ ನಾಣ್ಯಗಳನ್ನು ಅಕ್ಕಪಕ್ಕ ತೋರಿಸುವ ಚಿತ್ರ